ಗಜನಿ ತುಂಬಿದ ಸೈಟಿನಲ್ಲಿ ಭರತದ ಗೆರೆ ಎಲ್ಲಿದೆ?

ಸೈಟು ನೋಡಲು ಹೋದವರು ಗುಂಟೆಗೆ ಎಷ್ಟು ಎಂದು ಕೇಳುತ್ತಾರೆ, ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆಯೇ ಎಂದು ಕೇಳುತ್ತಾರೆ, ಬಾವಿ ನೀರು ಸಿಹಿಯೋ ಉಪ್ಪೋ ಎಂದೂ ಕೇಳುತ್ತಾರೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ತಗ್ಗು ಜಾಗಗಳಲ್ಲಿ ಇವೆಲ್ಲಕ್ಕೂ ಮೊದಲು ಕೇಳಬೇಕಾದ ಮಾತೊಂದಿದೆ: ಆಷಾಢದ ಅಮಾವಾಸ್ಯೆಯ ಭರತ, ಅಂದರೆ ಸಮುದ್ರದ ಉಬ್ಬರ, ಏರಿದಾಗ ಪಕ್ಕದ ಹಳ್ಳದ ನೀರು ಈ ನೆಲಕ್ಕಿಂತ ಎಷ್ಟು ಕೆಳಗಿರುತ್ತದೆ? ಉತ್ತರ ಅಡಿ-ಇಂಚಿನ ಲೆಕ್ಕದಲ್ಲಿ ಬರಬೇಕು. ‘ಇಲ್ಲಿಗೆಲ್ಲ ನೀರು ಬರುವುದಿಲ್ಲ’ ಎಂಬುದನ್ನು ಉತ್ತರವೆಂದು ಒಪ್ಪಬೇಡಿ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಗಳ ಹತ್ತಿರದ ಗಜನಿ ಗದ್ದೆಗಳು ಉಬ್ಬರದ ಮಟ್ಟಕ್ಕಿಂತ ತಗ್ಗಿನವು. ಸುತ್ತ ಕಟ್ಟೆ ಹಾಕಿ, ತೂಬಿಗೆ ಹಲಗೆ ಬಾಗಿಲು ಇಟ್ಟು, ಮೊದಲ ಮಳೆಗೆ ಉಪ್ಪು ತೊಳೆದುಹೋದ ಮೇಲೆ ಹಿರಿಯರು ಅಲ್ಲಿ ಕಗ್ಗ ಭತ್ತ ಬೆಳೆದರು. ಕಗ್ಗ ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯದ ತಳಿ. ಅಂಥ ತಳಿಯೇ ಬೇಕಾಯಿತು ಎಂದರೆ ಆ ನೆಲದ ಸ್ವಭಾವ ಏನೆಂದು ಬೇರೆ ಹೇಳಬೇಕಾಗಿಲ್ಲ. ಗುಡ್ಡದಿಂದ ಇಳಿದ ನೀರನ್ನು ಸಮುದ್ರ ಒಳಗೆ ಬಿಟ್ಟುಕೊಳ್ಳದ ಹೊತ್ತಿನಲ್ಲಿ ಆ ನೀರು ಗಜನಿಯಲ್ಲಿ ನಿಂತು ಇಳಿತಕ್ಕೆ ಕಾಯುತ್ತದೆ. ಪೇಟೆ ಬೆಳೆದಂತೆ ಅದೇ ಗದ್ದೆಗೆ ಕೆಂಪು ಮಣ್ಣು ಸುರಿದು ಸೈಟು ಮಾಡಲಾಗುತ್ತಿದೆ. ನೀರಿಗೆ ಕಾಯಲು ಇದ್ದ ಜಾಗ ಮಾತ್ರ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಅದರ ಮೇಲೆ 100 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಕಾಣುವ ಕಾರವಾರದಂಥ ಊರಿಗೆ ಒಂದೇ ದಿನದಲ್ಲಿ 100 ಮಿ.ಮೀ. ದೊಡ್ಡ ಮಳೆಯೇನಲ್ಲ. ಈಗ ಒಂದು ಎಕರೆ ಗಜನಿಗೆ ಒಂದು ಮೀಟರ್ ಮಣ್ಣು ತುಂಬಿ. 4,000 ಘನ ಮೀಟರ್, ಅಂದರೆ 40 ಲಕ್ಷ ಲೀಟರ್ ಹಿಡಿಯುತ್ತಿದ್ದ ಪಾತ್ರೆಯೊಂದು ಊರಿನಿಂದ ಇಲ್ಲವಾಯಿತು. ತುಂಬಿದವನ ಸೈಟು ಒಣಗಿಯೇ ಇರುತ್ತದೆ. ನೀರು ಹಿಂದಿನ ಕೇರಿಯ ಹಳೆಯ ಚಿರೆಕಲ್ಲಿನ ಮನೆಗಳಿಗೆ ನುಗ್ಗುತ್ತದೆ. ಆ ಮನೆಯವರು ಏನೂ ಮಾಡಿರುವುದಿಲ್ಲ.

ಗಟಾರ ದೊಡ್ಡದು ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಇಳಿಜಾರಿದ್ದಲ್ಲಿ ಅದು ನಿಜ. ಶಿರಸಿಯ ಗುಡ್ಡದ ಬೀದಿಗೆ ಸಾಕು. ಕರಾವಳಿಯ ಸಮತಟ್ಟಿನಲ್ಲಿ ಗಟಾರದ ಬಾಯಿ ಹಳ್ಳಕ್ಕೋ ಸಮುದ್ರಕ್ಕೋ ತೆರೆದಿರುತ್ತದೆ, ದಿನಕ್ಕೆ ಎರಡು ಬಾರಿ ಭರತ ಬಂದು ಆ ಬಾಯಿ ಮುಚ್ಚುತ್ತದೆ. ಹುಣ್ಣಿಮೆ-ಅಮಾವಾಸ್ಯೆಯ ಸುತ್ತ ನಮ್ಮಲ್ಲಿ ಏರಿಳಿತದ ಅಂತರ ಒಂದೂವರೆ ಮೀಟರಿನ ಆಸುಪಾಸು. 500ಕ್ಕೆ 1ರ ಇಳಿಜಾರಿನ ಗಟಾರ ಅರ್ಧ ಕಿಲೋಮೀಟರಿನಲ್ಲಿ ಇಳಿಯುವುದು ಒಂದೇ ಮೀಟರ್. ಆದ್ದರಿಂದ ದೊಡ್ಡ ಉಬ್ಬರದ ಹೊತ್ತಿನಲ್ಲಿ ಮೂರು-ನಾಲ್ಕು ಗಂಟೆ ನೀರು ಹೊರಗೆ ಹೋಗುವುದೇ ಇಲ್ಲ. ಗಟಾರವನ್ನು ಎಷ್ಟು ಅಗಲ ಮಾಡಿದರೂ ಅದು ಆಗ ನಿಂತ ನೀರಿನ ಉದ್ದನೆಯ ತೊಟ್ಟಿ ಅಷ್ಟೆ.

20 ಎಕರೆಯ ಬಡಾವಣೆ ಒಂದನ್ನು ತೆಗೆದುಕೊಳ್ಳೋಣ. ಭರತ ಮುಚ್ಚಿದ ಮೂರು ಗಂಟೆ, ಗಂಟೆಗೆ 25 ಮಿ.ಮೀ. ಮಳೆ, ಬಿದ್ದದ್ದರಲ್ಲಿ ನೂರಕ್ಕೆ 70 ಪಾಲು ಹರಿದು ಬರುತ್ತದೆ ಎಂದುಕೊಂಡರೆ ಸುಮಾರು 4,250 ಘನ ಮೀಟರ್ ನೀರಿಗೆ ಜಾಗ ಬೇಕು. ಒಂದು ಎಕರೆಗಿಂತ ಚೂರು ದೊಡ್ಡ ಹೊಂಡ, ಒಂದು ಮೀಟರ್ ಆಳ. 20ರಲ್ಲಿ ಒಂದು ಎಕರೆ ಬಿಡಿ ಎಂದರೆ ಬಡಾವಣೆ ಮಾಡುವವರಿಗೆ ನಷ್ಟದಂತೆ ಕಾಣುತ್ತದೆ. ಆದರೆ ಆಟದ ಬಯಲನ್ನೇ ರಸ್ತೆಗಿಂತ ಒಂದು ಮೀಟರ್ ತಗ್ಗಿಸಿ ಇಟ್ಟರೆ ಬೇರೆ ಜಾಗ ಬೇಕಾಗುವುದಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡು-ಮೂರು ತಾಸು ಸುರಿದ ಮಳೆಗೆ ಊರು ಮುಳುಗಿತು. ಮರುವರ್ಷವೇ ನಗರಾಡಳಿತ ಮೇಘಸ್ಫೋಟ ಎದುರಿಸುವ ಯೋಜನೆಯೊಂದನ್ನು ಮಾಡಿ ಬೀದಿ, ಉದ್ಯಾನಗಳನ್ನೇ ನೀರು ಹಿಡಿಯುವಂತೆ ತಿದ್ದತೊಡಗಿತು. ಅಲ್ಲಿನ ಎಂಗ್‌ಹಾವೆ ಉದ್ಯಾನ ಈಗ 22,000 ಘನ ಮೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ನಮ್ಮ ಐದೂವರೆ ಎಕರೆ ಗಜನಿ ಒಂದು ಮೀಟರ್ ಆಳಕ್ಕೆ ಇಷ್ಟನ್ನೇ ಹಿಡಿಯುತ್ತದೆ, ಅದೂ ಪುಕ್ಕಟೆ. ಅವರು ಹಣ ಸುರಿದು ಅಗೆಯುತ್ತಿರುವುದನ್ನು ನಾವು ಹಣ ಸುರಿದು ಮುಚ್ಚುತ್ತಿದ್ದೇವೆ.

ಈಗ ಸೈಟಿನ ಮಟ್ಟ ಅಳೆಯುವ ಕೆಲಸಕ್ಕೆ ಬರೋಣ. ಸುಲಭದ ದಾರಿ ಹೀಗೆ. ಮಳೆಗಾಲದ ಅಮಾವಾಸ್ಯೆ ಅಥವಾ ಹುಣ್ಣಿಮೆ, ಇಲ್ಲವೇ ಅದರ ಮರುದಿನ ಅಥವಾ ಮೂರನೆಯ ದಿನ, ಭರತ ಪೂರ್ತಿ ಏರುವ ಹೊತ್ತಿಗೆ ಹತ್ತಿರದ ಹಳ್ಳದ ಸಂಕದ (ಕಿರುಸೇತುವೆಯ) ಬಳಿ ಹೋಗಿ. ನೀರು ಮುಟ್ಟಿದ ಜಾಗಕ್ಕೆ ಕಂಬದ ಮೇಲೆ ಬಣ್ಣದ ಗೆರೆ ಎಳೆಯಿರಿ. ಅಲ್ಲಿಂದ ಗೌಂಡಿಗಳ ಬಳಿ ಇರುವ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು, 15-20 ಮೀಟರಿಗೊಂದು ಗೂಟ ಹೊಡೆಯುತ್ತ ಸೈಟಿನವರೆಗೆ ಅದೇ ಮಟ್ಟ ತನ್ನಿ. ಕೊಳವೆಯಲ್ಲಿ ಗಾಳಿಗುಳ್ಳೆ ಇದ್ದರೆ ಲೆಕ್ಕ ಎರಡು-ಮೂರು ಇಂಚು ತಪ್ಪುತ್ತದೆ, ಆದ್ದರಿಂದ ಹಿಂದಕ್ಕೂ ಒಮ್ಮೆ ಅಳೆದು ಮೊದಲ ಗೆರೆಗೆ ಕೂಡುತ್ತದೆಯೇ ನೋಡಿ. ದೂರ 200 ಮೀಟರ್ ದಾಟಿದರೆ ಸರ್ವೆಯವರ ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು) ಒಳ್ಳೆಯದು.

ಇಲ್ಲಿ ಓದಿದವರೇ ಮಾಡುವ ಒಂದು ತಪ್ಪಿದೆ. ಬಂದರಿನ ಭರತ-ಇಳಿತದ ಕೋಷ್ಟಕದಲ್ಲಿ ಇರುವ ಅಂಕಿಗಳನ್ನು ಅತಿ ಇಳಿತದ ಹತ್ತಿರದ ಒಂದು ಮಟ್ಟದಿಂದ ಎಣಿಸಿರುತ್ತಾರೆ. ರೈಲು ನಿಲ್ದಾಣದ ಹಳದಿ ಫಲಕದಲ್ಲಿರುವ ಎತ್ತರವಾಗಲಿ ಸರ್ವೆ ನಕ್ಷೆಯ ಎತ್ತರವಾಗಲಿ ಸರಾಸರಿ ಸಮುದ್ರ ಮಟ್ಟದಿಂದ ಎಣಿಸಿದ್ದು. ಎರಡಕ್ಕೂ ನಡುವೆ ಒಂದು ಮೀಟರಿನ ಆಸುಪಾಸು ವ್ಯತ್ಯಾಸ ಬರುತ್ತದೆ. ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಿದರೆ ಮನೆಯ ತಳಪಾಯವೇ ತಪ್ಪು ಎತ್ತರದಲ್ಲಿ ಕೂರುತ್ತದೆ.

ಪ್ಲಿಂತ್ (ಮನೆಯ ಒಳನೆಲದ ಮಟ್ಟ) ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಮೇಲಿರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಗೇಟಿನ ಮುಂದಿನ ರಸ್ತೆಯನ್ನೂ ಮರೆಯಬೇಡಿ. ಹಳೆಯದನ್ನು ಕೆರೆಯದೆ ಮೇಲೆ ಮೇಲೆ ಡಾಂಬರು ಹಾಕಿದಾಗ ಪ್ರತಿ ಸಲ 5ರಿಂದ 7 ಸೆಂ.ಮೀ., ಕಾಂಕ್ರೀಟ್ ಹಾಕಿದರೆ 20 ಸೆಂ.ಮೀ. ಏರುತ್ತದೆ. ಹದಿನೈದು ವರ್ಷದಲ್ಲಿ ಆ 45 ಸೆಂ.ಮೀ. ಕರಗಿಹೋಗುತ್ತದೆ. ತಗ್ಗಿನ ಸೈಟಿನಲ್ಲಿ ಭರತದ ಗೆರೆಗಿಂತ ಕನಿಷ್ಠ ಒಂದು ಮೀಟರ್, ರಸ್ತೆಯ ನಡುಬೆನ್ನಿಗಿಂತ ಎರಡಡಿ, ಇವೆರಡರಲ್ಲಿ ಯಾವುದು ಎತ್ತರವೋ ಅದನ್ನು ಹಿಡಿಯಿರಿ ಎಂಬುದು ನನ್ನ ಸಲಹೆ.

ಇಡೀ ಸೈಟನ್ನು ಆ ಎತ್ತರಕ್ಕೆ ತುಂಬಬೇಕೆಂದಿಲ್ಲ. ಖರ್ಚು ನೋಡಿ: 5 ಗುಂಟೆಗೆ ಒಂದು ಮೀಟರ್ ತುಂಬಲು 506 ಘನ ಮೀಟರ್ ಬೇಕು, ರೋಲರ್ ಹೊಡೆದಾಗ ಕುಗ್ಗುವುದನ್ನು ಸೇರಿಸಿದರೆ 620. ಎರಡು ಬ್ರಾಸಿನ (200 ಘನ ಅಡಿಯ) ಟಿಪ್ಪರ್‌ನಲ್ಲಿ ಹತ್ತಿರ ಹತ್ತಿರ 110 ಲೋಡ್. ಆ ಮಣ್ಣು ಯಾವುದೋ ಗುಡ್ಡದ ಬುಡ ಕಡಿದು ಬಂದದ್ದು. ಬುಡ ಕಡಿದ ಗುಡ್ಡ ಮಳೆಗಾಲದಲ್ಲಿ ಏನು ಮಾಡುತ್ತದೆ ಎಂಬುದನ್ನು 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಅಂಕೋಲಾದ ಶಿರೂರನ್ನು ದಾಟುವ ಯಾರಿಗೂ ವಿವರಿಸಬೇಕಿಲ್ಲ. ಮನೆಯ ತಳವನ್ನು ಮಾತ್ರ ಎತ್ತರಿಸಿ, ಅಂಗಳವನ್ನು ತಗ್ಗಾಗಿಯೇ ಬಿಟ್ಟರೆ ಮಣ್ಣು ಅರ್ಧಕ್ಕಿಳಿಯುತ್ತದೆ, ಅಂಗಳ ನೀರಿಗೆ ಜಾಗ ಕೊಡುತ್ತದೆ. ಪಾಗಾರ ಕಟ್ಟುವಾಗ ನೀರು ಹಾಯುವ ಕಡೆ ನೆಲಮಟ್ಟದಲ್ಲಿ ಕಂಡಿ ಬಿಡಿ.

ತುಂಬಿದ ಮಣ್ಣಿನ ಭಾರವನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಮೀಟರ್ ಮಣ್ಣು ಚದರ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ. ಒಂದಂತಸ್ತಿನ ಮನೆಯ ಭಾರವನ್ನು ಅದರ ತಳದ ಮೇಲೆ ಹರಡಿದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಅಂದರೆ ಮನೆ ಕಟ್ಟುವ ಮೊದಲೇ ಗಜನಿಯ ಮೆತ್ತನೆ ಜೇಡಿಯ ಮೇಲೆ ಒಂದು ಮನೆ ಹೇರಿದಂತಾಯಿತು. ಜೇಡಿಯೊಳಗಿನ ನೀರು ಹಿಂಡಿ ಹೊರಬರಲು ವರ್ಷಗಟ್ಟಲೆ ಹಿಡಿಯುತ್ತದೆ, ಅಷ್ಟು ಕಾಲವೂ ನೆಲ ಕುಸಿಯುತ್ತಲೇ ಇರುತ್ತದೆ. ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣವನ್ನು ಸಮುದ್ರ ತುಂಬಿ ಕಟ್ಟಿ 1994ರಲ್ಲಿ ತೆರೆದರು. ಜೇಡಿಯಿಂದ ನೀರು ಬೇಗ ಹೊರಬರಲೆಂದು ಮೊದಲೇ ಮರಳಿನ ಕಂಬಗಳನ್ನು ಇಳಿಸಿದ್ದರು. ಆದರೂ ಕೆಲಸ ಆರಂಭವಾದಂದಿನಿಂದ ಆ ದ್ವೀಪ ಹತ್ತು ಮೀಟರಿಗೂ ಹೆಚ್ಚು ಕುಸಿದಿದೆ. ನಮ್ಮ ಸೈಟಿನಲ್ಲಿ ಅದು ಅರ್ಧ ಅಡಿ ಇರಬಹುದು. ಆದರೆ ಒಂದು ಮೂಲೆ ಅರ್ಧ ಅಡಿ, ಇನ್ನೊಂದು ಮೂಲೆ ಒಂದು ಇಂಚು ಕುಸಿದರೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ, ಆಮೇಲೆ ಸೇರಿಸಿದ ಜಗುಲಿ ಮನೆಯಿಂದ ಕಿತ್ತು ದೂರ ಸರಿಯುತ್ತದೆ.

ತುಂಬಲೇಬೇಕಾದರೆ ಮೊದಲು ಹುಲ್ಲು, ಬೇರು, ಮೇಲಿನ ಕೆಸರು ತೆಗೆಸಿ. ಒಂದಡಿ ಹೊಯ್ಗೆ ಹಾಸಿ. ಆಮೇಲೆ 20ರಿಂದ 30 ಸೆಂ.ಮೀ. ಪದರವಾಗಿ ಮಣ್ಣು ಹಾಕಿ, ಪ್ರತಿ ಪದರಕ್ಕೂ ಹದವಾಗಿ ನೀರು ಬಿಟ್ಟು ರೋಲರ್ ಹೊಡೆಸಿ. ಎಲ್ಲ ಲೋಡು ಸುರಿದು ಜೆಸಿಬಿಯಿಂದ ಒಮ್ಮೆ ಸವರಿದರೆ ಮೇಲೊಂದು ಅಡಿ ಮಾತ್ರ ಗಟ್ಟಿಯಾಗಿ, ಒಳಗೆ ಪೊಳ್ಳು ಉಳಿಯುತ್ತದೆ. ಎರಡು ಮಳೆಗಾಲ ಕಾಯಿರಿ. ಅಷ್ಟರಲ್ಲಿ ಎರಡು ಕಡೆ ಬೋರ್ ಹೊಡೆಸಿ ಮಣ್ಣು ಪರೀಕ್ಷೆ ಮಾಡಿಸಿ. ಎಸ್‌ಪಿಟಿ (ಸುತ್ತಿಗೆ ಹೊಡೆದು ಕೊಳವೆ ಇಳಿಸಿ ನೆಲದ ಗಟ್ಟಿತನ ನೋಡುವ) ಪರೀಕ್ಷೆಯಲ್ಲಿ ಕೊಳವೆ ಒಂದಡಿ ಇಳಿಯಲು ಬೇಕಾದ ಹೊಡೆತಗಳ ಎಣಿಕೆ 4ಕ್ಕಿಂತ ಕಡಿಮೆ ಬಂದ ಪದರದ ಮೇಲೆ ಕಂಬದ ತಳ ಕೂರಿಸಬಾರದು. ಕೆಳಗಿನ ಗಟ್ಟಿ ಜಂಬಿಟ್ಟಿಗೆ ಸಿಗುವವರೆಗೆ ಇಳಿಯಬೇಕು, ಇಲ್ಲವೇ ಪೈಲ್ ಹಾಕಬೇಕು. ಯಾವ ಕಾರಣಕ್ಕೂ ಅರ್ಧ ಮನೆ ಹಳೆಯ ದಿಣ್ಣೆಯ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂರದಿರಲಿ.

ಸೆಪ್ಟಿಕ್ ಟ್ಯಾಂಕಿನ ವಿಷಯ ಚಿಕ್ಕದಾಗಿ. ಇಂಗು ಗುಂಡಿ ಕೆಲಸ ಮಾಡಬೇಕಾದರೆ ಅದರ ತಳಕ್ಕಿಂತ ಅಂತರ್ಜಲ ಸುಮಾರು 2 ಮೀಟರ್ ಕೆಳಗಿರಬೇಕು. ಗಜನಿಯಲ್ಲಿ ಜುಲೈ ತಿಂಗಳು ಒಂದಡಿ ಅಗೆದರೆ ನೀರು. ಅಲ್ಲಿ ಇಂಗು ಗುಂಡಿ ಮಾಡಿದರೆ ಹೊಲಸು ನೇರ ನೆರೆಮನೆಯ ಬಾವಿಗೆ. ಸೋರದ ಟ್ಯಾಂಕ್, ಅದರ ಮುಂದೆ ಜಲ್ಲಿಯ ಸೋಸು ತೊಟ್ಟಿ, ನೆಲದಿಂದ ಎತ್ತರಿಸಿದ ಮರಳಿನ ದಿಬ್ಬ ಬೇಕು. 3,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕನ್ನು ಮಳೆಗಾಲದಲ್ಲಿ ಖಾಲಿ ಮಾಡಿಸಿದರೆ ಸುತ್ತಲಿನ ನೀರು ಅದನ್ನು ಸುಮಾರು 3 ಟನ್ ಬಲದಿಂದ ಮೇಲೆತ್ತುತ್ತದೆ. ಕೆಳಗೆ ಕಾಂಕ್ರೀಟ್ ಹಾಸಿಗೆ ಬಿಗಿದಿರಬೇಕು, ಖಾಲಿ ಮಾಡಿಸುವುದು ಏಪ್ರಿಲಿನಲ್ಲಿ ಇರಲಿ.

ಕಾಗದಪತ್ರಗಳು ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಭೂಪರಿವರ್ತನೆ ಆದೇಶ ಕೃಷಿಯೇತರ ಬಳಕೆಗೆ ಅನುಮತಿ ಕೊಡುತ್ತದೆ, ನೆಲ ಮುಳುಗುವುದಿಲ್ಲ ಎಂಬ ಭರವಸೆಯನ್ನಲ್ಲ. 2019ರ ಜನವರಿ 18ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಉಬ್ಬರದ ನೀರು ಬರುವ ಹಳ್ಳದ ಭರತದ ಗೆರೆಯಿಂದ 50 ಮೀಟರ್ ಅಥವಾ ಹಳ್ಳದ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ನಿಯಂತ್ರಣಕ್ಕೆ ಬರುತ್ತದೆ. ಸರ್ವೆ ನಂಬರ್ ಹಿಡಿದು ಅನುಮೋದಿತ ನಕ್ಷೆಯಲ್ಲಿ ನೋಡಿಯೇ ಮುಂಗಡ ಕೊಡಿ. ಹಳ್ಳದಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದರೆ ಇನ್ನೂ ಎಚ್ಚರ. ಪೇಟೆಯ ಗಟಾರ ನಗರಸಭೆಯದು, ಹೆದ್ದಾರಿಯ ಅಡಿಯ ಮೋರಿ ಹೆದ್ದಾರಿ ಪ್ರಾಧಿಕಾರದ್ದು, ರೈಲು ದಿಬ್ಬದ ಅಡಿಯದು ಕೊಂಕಣ ರೈಲ್ವೆಯದು. ನೀರು ಒಂದೇ, ಯಜಮಾನರು ಬೇರೆ ಬೇರೆ. ಮೇಲಿನ ಮೋರಿಗಿಂತ ಕೆಳಗಿನದು ಚಿಕ್ಕದಾದರೆ ಯಾರನ್ನು ಕೇಳಬೇಕು?

ನೆದರ್ಲ್ಯಾಂಡ್ಸ್‌ನಲ್ಲಿ ಇದಕ್ಕೆ ನೀರು ಮಂಡಳಿಗಳಿವೆ. ಕೆಲವು 13ನೇ ಶತಮಾನದಷ್ಟು ಹಳೆಯವು, ಈಗ ಒಟ್ಟು 21. ಅವಕ್ಕೆ ಪ್ರತ್ಯೇಕ ಚುನಾವಣೆ, ಪ್ರತ್ಯೇಕ ತೆರಿಗೆ. ಕಟ್ಟೆಯೊಳಗಿನ ಪ್ರತಿ ತಗ್ಗು ಪ್ರದೇಶದಲ್ಲಿ ನೀರು ಯಾವ ಮಟ್ಟದಲ್ಲಿರಬೇಕು ಎಂದು ಮಂಡಳಿ ಆದೇಶ ಹೊರಡಿಸುತ್ತದೆ, ಆ ಮಟ್ಟ ಕಾಯುವ ಹೊಣೆಯೂ ಅದರದ್ದೇ. ಸಿಂಗಪುರದಲ್ಲಿ ಕಟ್ಟಡಗಳಿಗೆ ಕನಿಷ್ಠ ನೆಲಮಟ್ಟ ಗೊತ್ತುಮಾಡಲಾಗಿದೆ. ಹೊಸದಾಗಿ ಸಮುದ್ರ ತುಂಬುವ ಜಾಗಕ್ಕೆ 2011ರಿಂದ ಆ ಮಟ್ಟವನ್ನು ಸರಾಸರಿ ಸಮುದ್ರ ಮಟ್ಟಕ್ಕಿಂತ 3ರ ಬದಲು 4 ಮೀಟರಿಗೆ ಏರಿಸಿದರು. ನಮ್ಮ ನಗರಸಭೆಗಳು ಕಟ್ಟಡ ಪರವಾನಗಿಯ ನಕ್ಷೆಯಲ್ಲಿ ಎರಡು ಅಂಕಿ ಬರೆಸಿಕೊಂಡರೆ ಸಾಕು: ಸರಾಸರಿ ಸಮುದ್ರ ಮಟ್ಟದಿಂದ ಪ್ಲಿಂತ್ ಎಷ್ಟು ಎತ್ತರ, ಹೊರಗಟಾರದ ತಳ ಎಷ್ಟು ಎತ್ತರ. ಬಡಾವಣೆಗೆ ಅನುಮತಿ ಕೊಡುವಾಗ ಇನ್ನೊಂದು: ತುಂಬಿದ ಘನ ಮೀಟರಿಗೆ ಬದಲಾಗಿ ನೀರು ನಿಲ್ಲಲು ಎಲ್ಲಿ, ಎಷ್ಟು ಜಾಗ. ಇದಕ್ಕೆ ಹೊಸ ಇಲಾಖೆ ಬೇಡ, ಒಬ್ಬ ಸರ್ವೆಯವರು ಮತ್ತು ಒಂದು ಆಟೋ ಲೆವೆಲ್ ಸಾಕು.

ಗಟಾರದ ಬಾಯಿಗೆ ಇಡುವ ಕೀಲಿನ ಮುಚ್ಚಳದ ಬಾಗಿಲು ಒಳಗಿನ ನೀರನ್ನು ಹೊರಗೆ ಬಿಟ್ಟು ಸಮುದ್ರದ ನೀರನ್ನು ತಡೆಯುತ್ತದೆ. ಒಂದು ಎಳನೀರಿನ ಬುರುಡೆ ಸಿಕ್ಕಿಕೊಂಡು ನಾಲ್ಕು ಬೆರಳು ಸಂದು ಉಳಿದರೂ ರಾತ್ರಿಯೆಲ್ಲ ಭರತದ ನೀರು ಕೇರಿಯೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಗಜನಿಯ ಹಲಗೆ ಬಾಗಿಲನ್ನು ಕಾಯಲು ಊರವರು ಆಳು ಇಡುತ್ತಿದ್ದರು. ಪೇಟೆಯ ಬಾಗಿಲಿಗೂ ಹಾಗೆಯೇ ಹೆಸರು ಹಿಡಿದು ಒಬ್ಬರನ್ನು ನೇಮಿಸಬೇಕು: ಮೇ ಕೊನೆಯೊಳಗೆ ಕೀಲಿಗೆ ಗ್ರೀಸ್, ಅಲ್ಲಿಂದ ಸೆಪ್ಟೆಂಬರ್ ಮುಗಿಯುವವರೆಗೆ ಪ್ರತಿ ಅಮಾವಾಸ್ಯೆ-ಹುಣ್ಣಿಮೆಯ ಹಿಂದಿನ ದಿನ ಇಳಿತದ ಹೊತ್ತಿಗೆ ಹೋಗಿ ಕಸ ಎತ್ತಿ, ಮುಚ್ಚಳ ಪೂರ್ತಿ ಕೂರುತ್ತದೆಯೇ ಎಂದು ಕೈಯಿಂದ ಒತ್ತಿ ನೋಡುವ ಕೆಲಸ.