ಒಂದು ಗಂಟೆ ಇಂಜಿನ್ ಓಡಿಸಿದರೆ ಬ್ಯಾಟರಿ ಫುಲ್ ಆಗುತ್ತದಾ?

ಪ್ರಶ್ನೆ: ರಾತ್ರಿ ಲಂಗರು ಹಾಕಿದ ಮೇಲೆ ಒಂದು ಗಂಟೆ ಇಂಜಿನ್ ಓಡಿಸಿ, ಬ್ಯಾಟರಿ ಫುಲ್ ಮಾಡಿಯೇ ಮಲಗುತ್ತೇವೆ. ಆದರೂ ಬೆಳಗಾಗುವಷ್ಟರಲ್ಲಿ ಬೋಟಿನ ಫ್ರಿಡ್ಜ್ ನಿಂತಿರುತ್ತದೆ. ಇನ್ನೊಂದು ಬ್ಯಾಟರಿ ಹಾಕಬೇಕಾ?

ಉತ್ತರ: ಮಲ್ಪೆಯಲ್ಲೂ ಇದೇ ಪ್ರಶ್ನೆ, ಮಂಗಳೂರು ಧಕ್ಕೆಯಲ್ಲೂ ಇದೇ. ಎಷ್ಟೋ ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ನಿಮ್ಮ ಬ್ಯಾಟರಿ ಫುಲ್ ಆಗಿಯೇ ಇಲ್ಲ.

ಇಂಜಿನ್ ಓಡುವಾಗ ಮೀಟರಿನಲ್ಲಿ ಕಾಣುವ 14 ವೋಲ್ಟ್ ಆಲ್ಟರ್ನೇಟರಿನದ್ದು (ಇಂಜಿನ್ ತಿರುಗಿಸಿ ಕರೆಂಟ್ ಮಾಡುವ ಯಂತ್ರ), ಬ್ಯಾಟರಿಯದ್ದಲ್ಲ. ಇಂಜಿನ್ ನಿಲ್ಲಿಸಿ, ಎಲ್ಲ ಸ್ವಿಚ್ ಆಫ್ ಮಾಡಿ, ಕೆಲವು ಗಂಟೆ ಬಿಟ್ಟು ನೋಡಿ. 12.7 ಇದ್ದರೆ ಫುಲ್, 12.2 ಇದ್ದರೆ ಅರ್ಧ. ಸೀಸದ ಬ್ಯಾಟರಿ ಸುಮಾರು 80 ಶೇಕಡಾದವರೆಗೆ ಬೇಗ ತುಂಬುತ್ತದೆ. ಆಮೇಲೆ ಬ್ಯಾಟರಿಯೇ ಕರೆಂಟ್ ತೆಗೆದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಉಳಿದ 20 ಶೇಕಡಾಕ್ಕೆ ನಾಲ್ಕು ಗಂಟೆಯೋ, ಅದಕ್ಕಿಂತ ಹೆಚ್ಚೋ ಬೇಕು. ದೊಡ್ಡ ಆಲ್ಟರ್ನೇಟರ್ ಹಾಕಿದರೂ ಈ ಭಾಗ ಬೇಗ ಮುಗಿಯುವುದಿಲ್ಲ, ಏಕೆಂದರೆ ಹಿಡಿತ ಇರುವುದು ಬ್ಯಾಟರಿಯೊಳಗಿನ ರಸಾಯನದಲ್ಲಿ. ಸಾಲದ್ದಕ್ಕೆ ಐಡ್ಲಿಂಗಿನಲ್ಲಿ, ಅಂದರೆ ನಿಂತಲ್ಲೇ ಇಂಜಿನ್ ನಿಧಾನವಾಗಿ ಓಡುವಾಗ, ಆಲ್ಟರ್ನೇಟರ್ ತನ್ನ ಮೇಲೆ ಬರೆದಷ್ಟು ಆಂಪಿಯರ್ ಕೊಡುವುದೂ ಇಲ್ಲ.

ದಿನವೂ ಹೀಗೆ ಅರ್ಧಂಬರ್ಧ ತುಂಬಿಸಿದರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿಯ ಸಾಮರ್ಥ್ಯವೇ ಕುಗ್ಗುತ್ತದೆ. ಇನ್ನೊಂದು ಬ್ಯಾಟರಿ ಹಾಕಿದಿರಿ ಅನ್ನಿ, ಆ ಒಂದೇ ಗಂಟೆಯಲ್ಲಿ ಈಗ ಎರಡನ್ನು ತುಂಬಿಸಬೇಕು. ಎರಡೂ ಹಾಳು.

ಲೆಕ್ಕ ಸುಲಭ. 12 ವೋಲ್ಟಿನ ಸಣ್ಣ ಫ್ರಿಡ್ಜ್ ಓಡುವಾಗ ಸುಮಾರು 5 ಆಂಪಿಯರ್ ಎಳೆಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ದಿನದ ಅರ್ಧ ಹೊತ್ತು ಓಡುತ್ತದೆ ಅಂದರೂ 60 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು). ಒಳ್ಳೆ ಬಿಸಿಲಿಗೆ 100 ವಾಟಿನ ಸೋಲಾರ್ ಪ್ಯಾನಲ್ ದಿನಕ್ಕೆ ಸುಮಾರು 30 ಆಂಪಿಯರ್-ಅವರ್ ಕೊಡುತ್ತದೆ. ಅಂಥ ಎರಡನ್ನು ಚಾರ್ಜ್ ಕಂಟ್ರೋಲರ್ (ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಸಾಧನ) ಸಮೇತ ಹಾಕಿ. ಇಂಜಿನ್ ಬೇಗ ಬೇಗ ತುಂಬಿಸಿದ ಮೇಲೆ ಉಳಿಯುವ ಆ ನಿಧಾನದ ಕೊನೇ ಭಾಗವನ್ನು ಬಿಸಿಲು ಹಗಲಿಡೀ ಮಾಡಿ ಮುಗಿಸುತ್ತದೆ.

ಇದರ ಜೊತೆಗೇ ಕೇಳಬೇಕಾದದ್ದು ಇನ್ನೊಂದಿದೆ, ಯಾರೂ ಕೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಬೋಟ್ ಕಟ್ಟಿದ ಮೇಲೆ ಬ್ಯಾಟರಿಯ ಗತಿ? ಸುಮ್ಮನೆ ಇಟ್ಟರೂ ಅದು ತಾನಾಗಿ ಇಳಿಯುತ್ತದೆ, ಮೇಲೆ ಹೇಳಿದ ಸಲ್ಫೇಟ್ ಆಗಲೂ ಕೂರುತ್ತದೆ. ಮೇ ಕೊನೆಗೆ ಮನೆಗೆ ತಂದು ಕರೆಂಟಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜಿಗೆ ಹಾಕಿ. ನೀರು ಹಾಕುವ ಬ್ಯಾಟರಿಯಾದರೆ ಚಾರ್ಜಿಗೆ ಮೊದಲು ಪ್ಲೇಟ್ ಮುಳುಗುವಷ್ಟು ಮಾತ್ರ ಹಾಕಿ, ಗುರುತಿನವರೆಗಿನ ಉಳಿದದ್ದನ್ನು ಚಾರ್ಜ್ ಆದ ಮೇಲೆ. ಡಿಸ್ಟಿಲ್ಡ್ ವಾಟರೇ ಆಗಬೇಕು, ಬಾವಿ ನೀರು ಖಂಡಿತ ಬೇಡ.