ಬೀಗ ಹಾಕಿದ ಕೋಣೆಯ ಕಂಪ್ಯೂಟರ್‌ಗಳು

ಬೆಂಗಳೂರಿನಲ್ಲಿ ಹಳೆಯ ವಿಶ್ವವಿದ್ಯಾಲಯದ ವಿಭಾಗವೊಂದಕ್ಕೆ ಹೋಗಿ ವಿಚಾರಿಸಿದರೆ, ಬೀಗ ಹಾಕಿದ ಕೋಣೆಯೊಂದು ಸಿಕ್ಕೇ ಸಿಗುತ್ತದೆ. ಒಳಗೆ ದಪ್ಪ ಬೆನ್ನಿನ ಮಾನಿಟರ್‌ಗಳು, ಉಬ್ಬಿದ ಯುಪಿಎಸ್ ಬ್ಯಾಟರಿಗಳು, ಕೀ ಉದುರಿದ ಕೀಬೋರ್ಡ್‌ಗಳು. ಯಾವುದೂ ಕೆಲಸಕ್ಕೆ ಬಾರದು. ಆದರೂ ಸ್ಟಾಕ್ ರಿಜಿಸ್ಟರಿನಲ್ಲಿ ಇರುವುದರಿಂದ ಯಾರೂ ಕೈ ಹಚ್ಚುವುದಿಲ್ಲ.

1970ರ ದಶಕದಲ್ಲಿ ಈ ತೊಂದರೆ ಇರಲಿಲ್ಲ. ಆಗ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐಬಿಎಂ 360 ಯಂತ್ರವನ್ನು ಎಲ್ಲ ವಿಭಾಗಗಳೂ ಹಂಚಿಕೊಳ್ಳುತ್ತಿದ್ದವು. ಇದ್ದದ್ದೇ ಒಂದು, ಲೆಕ್ಕ ತಪ್ಪುವ ಮಾತೇ ಇಲ್ಲ. 1984ರ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು, ಪಿಸಿ ಅಗ್ಗವಾಗುತ್ತಾ ಬಂತು. ಒಂದೊಂದು ವಿಭಾಗವೂ ತನ್ನ ಅನುದಾನದಲ್ಲಿ ಕೊಂಡು ತನ್ನದೇ ರಿಜಿಸ್ಟರಿನಲ್ಲಿ ಬರೆದುಕೊಂಡಿತು.

ಕೊಳ್ಳುವ ದಾರಿಯೇನೋ ಬಿಗಿಯಾಯಿತು. ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಬಂದು ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯದ ಹಂತವಾಯಿತು. ವಿಲೇವಾರಿಗೆ ಅಷ್ಟು ಗಮನ ಸಿಗಲಿಲ್ಲ. ಇ-ತ್ಯಾಜ್ಯಕ್ಕೆಂದೇ ದೇಶದಲ್ಲಿ ನಿಯಮ ಜಾರಿಯಾದದ್ದು 2012ರ ಮೇ 1ರಂದು. ಅಷ್ಟರವರೆಗೆ ಗುಜರಿ ಹರಾಜೇ ಗತಿ.

ಹರಾಜಿನಲ್ಲೇ ಎಡವಟ್ಟು ಇತ್ತು ಎಂಬುದು ನನ್ನ ಅನಿಸಿಕೆ. ಸೀಸ ತುಂಬಿದ ಮಾನಿಟರ್ ಗಾಜನ್ನು ಸುರಕ್ಷಿತವಾಗಿ ಬೇರ್ಪಡಿಸುವವನಿಗೆ ಖರ್ಚು ಹೆಚ್ಚು, ಹಾಗಾಗಿ ಅವನು ಕೂಗುವ ಬೆಲೆ ಕಡಿಮೆ. ತಾಮ್ರಕ್ಕಾಗಿ ವೈರು ಸುಡುವವನು, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ಗೆ ಅದ್ದುವವನು ಹೆಚ್ಚು ಕೊಡಬಲ್ಲ. ಅವನಿಗೆ ಕೊಟ್ಟರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುವುದಿಲ್ಲ. ಹೊಗೆ ಮಾತ್ರ ಗೌರಿಪಾಳ್ಯದಂಥ ಗುಜರಿ ಬೀದಿಗಳಲ್ಲಿ ಕೆಲಸ ಮಾಡುವವರ ಎದೆಗೆ ಇಳಿಯುತ್ತದೆ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ಅಧಿಕೃತ ಮರುಬಳಕೆ ಘಟಕ 2005ರಲ್ಲೇ ಶುರುವಾಗಿತ್ತು. ಹೆಚ್ಚು ಬೆಲೆ ಕೂಗಿದವರಿಗೇ ಮಾಲು ಎನ್ನುವಾಗ ಅಂಥ ಘಟಕ ಗೆಲ್ಲುವುದು ಹೇಗೆ?

2023ರ ಏಪ್ರಿಲ್ 1ರಿಂದ ಹೊಸ ನಿಯಮವಿದೆ. ಒಂದು ಆರ್ಥಿಕ ವರ್ಷದ ಯಾವುದೇ ಹೊತ್ತಿನಲ್ಲಿ ಕನಿಷ್ಠ 1,000 ವಿದ್ಯುತ್ ಉಪಕರಣ ಬಳಸಿದ ಸಂಸ್ಥೆ ತನ್ನ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕ, ದುರಸ್ತಿಗಾರ ಅಥವಾ ಮರುಬಳಕೆ ಘಟಕಕ್ಕೇ ಒಪ್ಪಿಸಬೇಕು. ಪ್ರಿಂಟರ್, ಫ್ರಿಜ್, ಎಸಿಯೂ ಈ ಎಣಿಕೆಯಲ್ಲಿ ಸೇರುವುದರಿಂದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸಾವಿರ ದಾಟುವುದು ಕಷ್ಟವಲ್ಲ. ಆದರೆ ರಿಜಿಸ್ಟರ್‌ಗಳು ವಿಭಾಗಕ್ಕೊಂದರಂತೆ ಚದುರಿದ್ದರೆ ಮೊತ್ತ ಕೂಡುವವರು ಯಾರು? ಯುಪಿಎಸ್ ಬ್ಯಾಟರಿಗಂತೂ 2022ರ ಬೇರೆಯದೇ ನಿಯಮ.

ಈ ನಡುವೆ ಕೋಣೆಗೆ ಹೊಸ ಸರಕು ಬರುತ್ತಲೇ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರಗಳನ್ನು, ಇನ್ನೂ ಗಟ್ಟಿಮುಟ್ಟಾಗಿದ್ದರೂ, ಹಳೆಯದೆಂದು ಬದಿಗಿಡುತ್ತಾರೆ. ಲಿನಕ್ಸ್ ಹಾಕಿದರೆ ಅವುಗಳಲ್ಲಿ ಎಷ್ಟೋ ಇನ್ನೂ ಕೆಲವು ವರ್ಷ ಲ್ಯಾಬಿನಲ್ಲಿ ದುಡಿಯುತ್ತವೆ.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಹಾರ್ಡ್‌ಡಿಸ್ಕ್. ಅದರಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿ, ಆಧಾರ್ ಪ್ರತಿ, ಬ್ಯಾಂಕ್ ವಿವರ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಇವು ಅಳಿಯುವುದಿಲ್ಲ. ಹಳೆಯ ಮಾಹಿತಿಯ ಮೇಲೆ ಬೇರೆ ಮಾಹಿತಿ ಬರೆಯಬೇಕು, ಇಲ್ಲವೇ ಡಿಸ್ಕನ್ನು ಪುಡಿ ಮಾಡಿಸಬೇಕು. ಯಾವ ಡಿಸ್ಕ್, ಯಾವಾಗ, ಯಾರ ಎದುರು ಅಳಿಸಲಾಯಿತು ಎಂದು ಬರೆಯಲು ರಿಜಿಸ್ಟರಿನಲ್ಲಿ ಒಂದು ಕಾಲಂ ಬೇಕು.

ಕೇಂದ್ರದ 2017ರ ಹಣಕಾಸು ನಿಯಮಗಳು ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವ ಬೈಬ್ಯಾಕ್‌ಗೆ ಅವಕಾಶ ಕೊಟ್ಟಿವೆ. ಮುಂದಿನ ಟೆಂಡರ್ ಕರೆಯುವಾಗ ಈ ಷರತ್ತನ್ನೂ, ಡಿಸ್ಕ್ ಅಳಿಸುವ ಷರತ್ತನ್ನೂ ಸೇರಿಸಿದರೆ, ಯಂತ್ರ ಕ್ಯಾಂಪಸ್ಸಿಗೆ ಬರುವ ದಿನವೇ ಅದು ಹೊರಹೋಗುವ ದಾರಿಯೂ ಕಾಗದದ ಮೇಲಿರುತ್ತದೆ.