ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆ ಅಂದ್ರೆ ಪಾಠ ಚೆನ್ನಾಗಿಲ್ಲ ಅಂತಾನಾ?

ಪ್ರಶ್ನೆ: ನಮ್ಮದು ಸಣ್ಣ ತಾಲ್ಲೂಕು ಕೇಂದ್ರ. ಮಗಳು ಐದನೇ ಕ್ಲಾಸ್ ಮುಗಿಸಿದ್ದಾಳೆ. ಇಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸೋಣ ಅಂದ್ರೆ, ಆರು-ಏಳರಲ್ಲಿ ಮಕ್ಕಳೇ ಇಲ್ಲ ಅಂತಾರೆ. ಸೇರಿಸಬಹುದಾ?

ಉತ್ತರ: ಹಾಜರಿ ಪುಸ್ತಕದ ಸಂಖ್ಯೆ ಒಂದನ್ನೇ ನೋಡಿ ಬೇಡ ಅನ್ನಬೇಡಿ. ಆ ಎರಡು ತರಗತಿಗೆ ಯಾರು ಪಾಠ ಮಾಡುತ್ತಾರೆ ಅಂತ ಮೊದಲು ವಿಚಾರಿಸಿ.

ಮಕ್ಕಳು ಕಡಿಮೆಯಾಗಲು ಕಾರಣ ಹಲವು. ಮನೆಗಳಲ್ಲೇ ಮಕ್ಕಳು ಕಡಿಮೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಇಂಗ್ಲಿಷ್ ಮೀಡಿಯಂ ಆಸೆಗೆ ಖಾಸಗಿ ಶಾಲೆಗೆ ಹೋಗುವವರು ಇದ್ದೇ ಇದ್ದಾರೆ. ಆರನೇ ತರಗತಿಗೆ ಇನ್ನೊಂದು ಕಾರಣವೂ ಇದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ನವೋದಯ, ಆದರ್ಶ ವಿದ್ಯಾಲಯದಂಥ ಸರ್ಕಾರಿ ಶಾಲೆಗಳು ಪ್ರವೇಶ ಪರೀಕ್ಷೆ ಮಾಡಿ ಮಕ್ಕಳನ್ನು ತಗೊಳ್ಳುವುದು ಆರನೇ ತರಗತಿಗೇ. ಐದು ವರ್ಷ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಕೊಟ್ಟು ಆ ಪರೀಕ್ಷೆಗೆ ತಯಾರು ಮಾಡಿದ್ದು ಊರಿನ ಶಾಲೆಯ ಮೇಷ್ಟ್ರು. ಲೆಕ್ಕದಲ್ಲಿ ಮಾತ್ರ ಅವರು ಟಿ.ಸಿ. ತಗೊಂಡು ಹೋದ ಮಕ್ಕಳು! ಈ ಹೆಗ್ಗಳಿಕೆ ಶಾಲೆಗೆ ಸಿಗುವುದೇ ಇಲ್ಲ ಅನ್ನುವುದು ನನಗೆ ಬೇಸರದ ವಿಷಯ.

ಇನ್ನು ಫಲಿತಾಂಶ. ಎಸ್ಸೆಸ್ಸೆಲ್ಸಿ ಹಾಗೆ ಶಾಲೆವಾರು ಹೋಲಿಸುವಂಥ ಅಂಕಪಟ್ಟಿ ಆರು-ಏಳಕ್ಕೆ ಇಲ್ಲ. 5 ಮತ್ತು 8ನೇ ತರಗತಿಯ ಬೋರ್ಡ್ ಪರೀಕ್ಷೆಯ ಫಲಿತಾಂಶವನ್ನೂ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಅದೂ ಅಲ್ಲದೆ, ಹನ್ನೆರಡೇ ಮಕ್ಕಳಿರುವ ತರಗತಿಯಲ್ಲಿ ಇಬ್ಬರು ಹಿಂದೆ ಬಿದ್ದರೂ ಶೇಕಡಾವಾರು ಹದಿನೇಳರಷ್ಟು ಇಳಿಯುತ್ತದೆ. ಅಂಥ ಸಂಖ್ಯೆ ನಂಬಿ ಏನು ಹೇಳೋದು?

ನಿಜವಾದ ಚಿಂತೆ ಶಿಕ್ಷಕರದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ಕ್ಕೆ ತರಗತಿಗೊಬ್ಬರು ಶಿಕ್ಷಕರಿರಬೇಕು. ಗಣಿತ-ವಿಜ್ಞಾನ, ಸಮಾಜ, ಭಾಷೆ, ಮೂರಕ್ಕೂ ಜನ ಬೇಕು. ಇದೇ ತರಗತಿಗಳಿಗಾಗಿ 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಿತ್ತು. ಆದರೆ ಮಕ್ಕಳು ಕಡಿಮೆಯಾದರೆ ಶಿಕ್ಷಕರು 'ಹೆಚ್ಚುವರಿ' ಆಗುತ್ತಾರೆ, ಬೇರೆ ಶಾಲೆಗೆ ಹೋಗುತ್ತಾರೆ. ಗಣಿತದ ಟೀಚರ್ ಹೋದರು ಅಂತ ಇನ್ನಷ್ಟು ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ. ಮುಂದಿನ ವರ್ಷ ಇನ್ನೊಬ್ಬರು ಹೆಚ್ಚುವರಿ. ಚೆನ್ನಾಗಿದ್ದ ಶಾಲೆಯೂ ಹೀಗೆ ಸೊರಗಿಹೋಗುತ್ತದೆ. ತಪ್ಪು ಅಲ್ಲಿ ಕಲಿಸುವವರದ್ದಲ್ಲ.

ಹಾಗಾಗಿ ಒಂದು ಮಾಮೂಲಿ ದಿನ ಶಾಲೆಗೆ ಹೋಗಿ ಬನ್ನಿ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರಾ, ಅತಿಥಿ ಶಿಕ್ಷಕರಾದರೆ ಯಾವ ತಿಂಗಳಿಂದ ಬರುತ್ತಾರೆ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಏಳನೇ ತರಗತಿಯ ಒಂದೆರಡು ನೋಟ್‌ಬುಕ್ ತೋರಿಸಿ ಅನ್ನಿ. ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಮತ್ತೆ ಬರೆಸಿದ್ದಾರಾ ನೋಡಿ. ಸುಮ್ನೆ ಸಹಿ ಮಾತ್ರ ಇದ್ದರೆ ಯೋಚಿಸಿ. ಶಾಲೆ ಏಳಕ್ಕೇ ಮುಗಿಯುತ್ತಾ, ಎಂಟರವರೆಗೂ ಇದೆಯಾ ಅನ್ನುವುದನ್ನೂ ಕೇಳಿಕೊಳ್ಳಿ.

ಶಿಕ್ಷಕರಿದ್ದು ನೋಟ್‌ಬುಕ್ ಚೆನ್ನಾಗಿದ್ದರೆ ಧೈರ್ಯವಾಗಿ ಸೇರಿಸಿ. ಹದಿನೈದು ಮಕ್ಕಳ ತರಗತಿಯಲ್ಲಿ ನಿಮ್ಮ ಮಗಳ ಕಡೆ ಗಮನ ಜಾಸ್ತಿ ಸಿಗುತ್ತದೆ. ಗಣಿತಕ್ಕೆ ಯಾರೂ ಇಲ್ಲ ಅಂತಾದರೆ, ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿಯವರನ್ನು) ಜೊತೆಗೆ ಕರೆದುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ಮನವಿ ಕೊಡಿ. ಶಾಲೆ ಶುರುವಾಗುವ ಮೊದಲೇ, ಮೇ ತಿಂಗಳಲ್ಲೇ ಕೊಟ್ಟರೆ ಒಳ್ಳೆಯದು.